ದಯವಿಟ್ಟು ಲೈನಿನಲ್ಲಿರಿ, ಅತ್ತೆ ಬರುತ್ತಿದ್ದಾರೆ

ಈ ಕೆಲಸಕ್ಕೆ ನನಗೆ ಯಾರೂ ನೇಮಕಾತಿ ಪತ್ರ ಕೊಟ್ಟಿರಲಿಲ್ಲ. ಹಾಗಾಗಿ ಬಿಡುವ ದಿನ ಶಾಲು ಹೊದಿಸಿ ಹಾರ ಹಾಕುವವರೂ ಇರಲಿಲ್ಲ. ಚನ್ನಗಿರಿಯ ನಮ್ಮ ಮನೆಯಲ್ಲಿ, ಅಡುಗೆಮನೆಗೂ ಪಡಸಾಲೆಗೂ ನಡುವಿನ ಬಾಗಿಲಿಗೆ ಒರಗಿ ನಿಂತು ಇಪ್ಪತ್ತೆಂಟು ವರ್ಷ ನಾನು ಮಾಡಿದ್ದು ಇಷ್ಟೇ: ಫೋನ್ ಕಂಪನಿಗಳಿಗೆ ಫೋನ್ ಮಾಡುವುದು. ನಮ್ಮ ಮನೆಯದೊಂದೇ ಅಲ್ಲ, ಹೊನ್ನಾಳಿಯ ನಾದಿನಿಯ ಮನೆಯ ಇಂಟರ್ನೆಟ್ಟು, ನ್ಯಾಮತಿಯ ಚಿಕ್ಕ ನಾದಿನಿಯ ಮೊಬೈಲು, ಜಗಳೂರಿನ ಬೀಗರ ಸಿಮ್ಮು, ಯಾವುದು ಕೆಟ್ಟರೂ ಎಲ್ಲರ ಬಾಯಲ್ಲಿ ಒಂದೇ ಮಾತು: "ಶೈಲಾಗೆ ಹೇಳ್ರಿ, ಆಕೆ ಮಾತಾಡ್ತಾಳೆ." ನಾನು ಕಾನ್ವೆಂಟಿನಲ್ಲಿ ಓದಿದವಳು ಎಂಬುದೊಂದೇ ನನ್ನ ಅರ್ಹತೆ. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದು ಕರವಸ್ತ್ರದ ಅಂಚಿಗೆ ಹೂವು ಹೊಲಿಯುವುದು, ಸದ್ದಾಗದಂತೆ ಬಾಗಿಲು ಹಾಕುವುದು, ಎಲ್ಲದಕ್ಕೂ ಥ್ಯಾಂಕ್ಯೂ ಹೇಳುವುದು. ಫೋನ್ ಕಂಪನಿಗಳ ಜೊತೆ ಜಗಳವಾಡುವುದು ಆ ಪಟ್ಟಿಯಲ್ಲಿ ಇರಲಿಲ್ಲ.

ಈಗ ಈ ಹುದ್ದೆ ಮೈದುನನ ಸೊಸೆ ನಯನಾಳದು. ಅಧಿಕಾರ ವಹಿಸಿಕೊಂಡ ಮೊದಲ ವಾರವೇ ಅವಳು ಬಂದು, "ದೊಡ್ಡತ್ತೆ, ಅವ್ರ ಹತ್ರ ಹೆಂಗೆ ಮಾತಾಡ್ಬೇಕು ಅಂತ ಒಂಚೂರು ಬರ್ದುಕೊಡ್ರಿ, ನಂಗೆ ಅಳು ಬರ್ತೈತೆ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಈ ಕೆಲಸ ಬಿಟ್ಟದ್ದು ಮಂಡಿನೋವಿಗಲ್ಲ. ನಾನು ಆಡಿದ ಒಂದೇ ಒಂದು "ಎಸ್, ಪ್ಲೀಸ್"ನಿಂದ ನಮ್ಮ ಅತ್ತೆಯ ಫೋನ್ ನಂಬರು ಕೈತಪ್ಪಿ ಹೋಗಿತ್ತು. ಅದರ ಜೊತೆಗೆ ಸೊಕ್ಕೆ ಎಂಬ ಊರಿನ ಒಂದು ಹುಡುಗಿಯ ಮದುವೆಯೂ ಹೋಗುವುದರಲ್ಲಿತ್ತು. ಆ ಕಥೆಗೆ ಬರುತ್ತೇನೆ. ಆದರೆ ಅಂಥ ಅನಾಹುತ ಮಾಡುವಷ್ಟು ಧೈರ್ಯ ನನಗೆ ಹೇಗೆ ಬಂತು ಎಂಬುದನ್ನು ಮೊದಲು ಹೇಳಬೇಕಲ್ಲ.

ಮದುವೆಯಾಗಿ ಬಂದ ಹೊಸತರಲ್ಲಿ ಮನೆಯಲ್ಲಿ ಇದ್ದದ್ದು ತಂತಿಯ ಫೋನು. ಅದಕ್ಕೊಂದು ಕಸೂತಿಯ ಟೋಪಿ, ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಗುಲಾಬಿ. ಒಂದು ಸಲ ಅದು ಮೂರು ವಾರ ಸತ್ತು ಬಿದ್ದಿತ್ತು. ಅತ್ತೆ ನನ್ನನ್ನು ಕರೆದು, "ಇಂಗ್ಲೀಷ್ ಬರ್ತೈತಲ್ಲವ್ವ, ಫೋನಿನ ಆಫೀಸಿಗೆ ಒಂದು ಕಾಗದ ಬರಿ, ಅವ್ರು ಹೆದರ್ಬೇಕು" ಎಂದರು. ಹೊಸ ಸೊಸೆಯ ಹುರುಪು. ಸಿಸ್ಟರುಗಳು ಕಲಿಸಿದ್ದ ಅಷ್ಟೂ ವಿನಯವಾಕ್ಯಗಳನ್ನು ಸೇರಿಸಿ, ಗೆರೆಯಿಲ್ಲದ ಹಾಳೆಯಲ್ಲಿ ಗೆರೆ ತಪ್ಪದಂತೆ ಎರಡು ಪುಟ ಬರೆದೆ. ನಾಲ್ಕನೆಯ ದಿನಕ್ಕೆ ಲೈನ್‌ಮನ್ ರುದ್ರಣ್ಣ ಸೈಕಲ್ ಏರಿ ಬಂದರು. ಕೈಯಲ್ಲಿ ಇಕ್ಕಳ ಇರಲಿಲ್ಲ, ನನ್ನ ಕಾಗದವಿತ್ತು.

"ಅಮ್ಮೋರೇ, ಇದ್ರಾಗೆ ಏನು ಬರ್ದೀರಿ ಅಂತ ಕೇಳ್ಕಂಡು ಬಾ ಅಂದ್ರು ಸಾಹೇಬ್ರು."

"ಫೋನ್ ಕೆಟ್ಟಿದೆ ಅಂತ."

"ಅಷ್ಟೇನಾ?" ಅವರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು. "ಸಾಹೇಬ್ರು ತಮ್ಗೆ ವರ್ಗ ಆಗೈತೆ ಅಂತ ತಿಳ್ಕಂಡು ಬೆಳಿಗ್ಗಿಂದ ಉಂಡಿಲ್ಲ."

ರುದ್ರಣ್ಣ ಉಪ್ಪಿಟ್ಟು ತಿಂದರು, ಕಾಫಿ ಕುಡಿದರು, ರಿಸೀವರನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದರು, ವೈದ್ಯರು ನಾಡಿ ನೋಡುವ ಹಾಗೆ. ಆಮೇಲೆ ಹೇಳಿದರು: "ಇಲ್ಲಿ ಸರಿ ಐತೆ. ಅಲ್ಲೂ ಸರಿ ಐತೆ. ನಡುವೆ ಏನೋ ಆಗೈತೆ." ಇಪ್ಪತ್ತೆಂಟು ವರ್ಷಗಳಲ್ಲಿ ಫೋನಿನವರಿಂದ ನಾನು ಕೇಳಿದ ಅತಿ ಪ್ರಾಮಾಣಿಕ ಉತ್ತರ ಅದೇ. ಆಮೇಲೆ ಬಂದವರೆಲ್ಲ ಇದನ್ನೇ ಹೇಳಿದರು, ಆದರೆ ಅಷ್ಟು ಚೊಕ್ಕವಾಗಿ ಹೇಳಲು ಯಾರಿಗೂ ಬರಲಿಲ್ಲ.

ರುದ್ರಣ್ಣನವರ ಕಾಲ ಮುಗಿದು ರೆಕಾರ್ಡಿನ ಹೆಂಗಸಿನ ಕಾಲ ಬಂತು. ಕನ್ನಡಕ್ಕೆ ಒಂದು ಒತ್ತಿ, ದೂರಿಗೆ ಎರಡು ಒತ್ತಿ. ಆಕೆಯ ದನಿ ಈಗಷ್ಟೇ ತಲೆ ಬಾಚಿಕೊಂಡು ಬಂದು ಕೂತವಳಂತೆ ನುಣ್ಣಗಿರುತ್ತಿತ್ತು. ನಾನು ಪ್ರತಿ ಸಲವೂ ಆಕೆಗೆ ಥ್ಯಾಂಕ್ಯೂ ಹೇಳಿಯೇ ಫೋನ್ ಇಡುತ್ತಿದ್ದೆ. ಒಂದು ದಿನ ನಮ್ಮನೆಯವರು ಕೇಳಿಸಿಕೊಂಡು ಬಿದ್ದು ಬಿದ್ದು ನಕ್ಕರು.

"ಅದು ಟೇಪ್ ಕಣೇ!"

"ಇರ್ಲಿ ಬಿಡ್ರಿ, ಎಷ್ಟೊತ್ತಿಂದ ಮಾತಾಡ್ತಿದಾಳೆ ಪಾಪ."

ಆ ಕಾಲದಲ್ಲಿ ನಾನು ಕಲಿತ ದೊಡ್ಡ ವಿದ್ಯೆ ಎಂದರೆ ಕಾಯುವುದು. ನಯನಾ, ಸುಮ್ಮನೆ ನಿಂತು ಕಾಯಬೇಡ, ಹುಚ್ಚು ಹಿಡಿಯುತ್ತದೆ. ಕೈಗೆ ಕೆಲಸ ಕೊಡು. ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟುಕೊಂಡು ನಾನು ಎಷ್ಟು ಅವರೆಕಾಯಿ ಸುಲಿದಿದ್ದೇನೆಂದರೆ ನಮ್ಮ ಮನೆಯಲ್ಲಿ ಕಂಪನಿಗಳನ್ನು ಅಳೆಯುತ್ತಿದ್ದುದೇ ಹಾಗೆ. ಒಂದು ಕಂಪನಿ ಬೊಗಸೆ ಅವರೆಕಾಯಿಗೆ ಸಿಗುತ್ತದೆ, ಇನ್ನೊಂದಕ್ಕೆ ಮೊರ ತುಂಬಬೇಕು. "ಇವತ್ತು ಅವರೆಕಾಳು ಸಾರು" ಎಂದರೆ ಫೋನ್ ಕೆಟ್ಟಿದೆ ಎಂದು ಮಕ್ಕಳಿಗೂ ತಿಳಿಯುತ್ತಿತ್ತು.

ನ್ಯಾಮತಿಯ ಚಿಕ್ಕ ನಾದಿನಿ ಸುಮಾ ಹೆರಿಗೆಯಾಗಿ ನಮ್ಮ ಮನೆಯಲ್ಲಿದ್ದಾಗ ಈ ಕಾಯುವ ಸಂಗೀತಕ್ಕೆ ಒಂದು ಅಭಿಮಾನಿ ಸಿಕ್ಕಿತು. ಮಗು ಏನು ಮಾಡಿದರೂ ಮಲಗುತ್ತಿರಲಿಲ್ಲ. ಜೋಗುಳ ಹಾಡಿದರೆ ಇನ್ನೂ ಕಿರುಚುತ್ತಿತ್ತು. ಒಂದು ಮಧ್ಯಾಹ್ನ ನಾನು ದೂರು ಕೊಡಲು ಕಾಯುತ್ತಿದ್ದಾಗ ಆ ಟಿಂಗ್‌ಟಿಂಗ್ ಕೇಳುತ್ತಲೇ ಅದು ಹೆಬ್ಬೆರಳು ಬಾಯಿಗಿಟ್ಟು ನಿದ್ದೆ ಹೋಯಿತು. ಅಂದಿನಿಂದ ಮಗುವಿಗೆ ನಿದ್ದೆಯ ಹೊತ್ತಾದರೆ ಸುಮಾ ಕೂಗುತ್ತಿದ್ದಳು: "ಅತ್ತಿಗೆ, ಕಸ್ಟಮರ್ ಕೇರ್ ಹಚ್ರಿ!" ಒಂದು ವಾರ ಚೆನ್ನಾಗಿ ನಡೆಯಿತು. ಎಂಟನೆಯ ದಿನ, ಮಗು ಇನ್ನೇನು ಕಣ್ಣು ಮುಚ್ಚಿತು ಎನ್ನುವಾಗ, ಜನ್ಮದಲ್ಲಿ ಮೊದಲ ಸಲ ಎರಡೇ ನಿಮಿಷಕ್ಕೆ ಯಾರೋ ಫೋನ್ ಎತ್ತಿ, "ನಮಸ್ಕಾರ! ನಾನು ತಮಗೆ ಹೇಗೆ ನೆರವಾಗಲಿ?" ಎಂದು ಉತ್ಸಾಹದಿಂದ ಕಿರುಚಿದರು. ಮಗು ಬೆಚ್ಚಿ ಎದ್ದಿತು. "ಸ್ವಲ್ಪ ಹೊತ್ತು ಕಾಯಿಸಿ, ಪ್ಲೀಸ್" ಎಂದು ನಾನು ಬೇಡಿಕೊಂಡೆ. ಆ ಹುಡುಗನಿಗೆ ಅಂಥ ಗಿರಾಕಿ ಅದುವರೆಗೆ ಸಿಕ್ಕಿರಲಿಕ್ಕಿಲ್ಲ. "ಕಾಯಿಸಲು ಕಾರಣ ಬೇಕು ಮೇಡಂ" ಎಂದ.

ಹೊನ್ನಾಳಿಯ ಪ್ರಕರಣದಲ್ಲಿ ಮಾತ್ರ ನಾನು ತಲೆ ತಗ್ಗಿಸಬೇಕಾಯಿತು. ದೊಡ್ಡ ನಾದಿನಿ ಗಿರಿಜಾಳ ಮನೆಗೆ ಇಂಟರ್ನೆಟ್ ಹಾಕಿಸಿ ತಿಂಗಳಾಗಿತ್ತು, ಬರುತ್ತಲೇ ಇರಲಿಲ್ಲ. ನಾನು ಇಲ್ಲಿಂದ ಕಂಪನಿಗೆ ಫೋನ್ ಮಾಡುವುದು, ಅವರು ಹೇಳಿದ್ದನ್ನು ಇನ್ನೊಂದು ಫೋನಿನಲ್ಲಿ ಗಿರಿಜಾಳಿಗೆ ಹೇಳುವುದು. ಅವರು, "ರೂಟರ್ ಆಫ್ ಮಾಡಿ ಆನ್ ಮಾಡಿ" ಎನ್ನುವರು. ಗಿರಿಜಾ, "ಮಾಡ್ದೆ ಅತ್ತಿಗೆ" ಎನ್ನುವಳು. ಮೂರು ದೂರು ಕೊಟ್ಟೆ. ಮೂರಕ್ಕೂ, "ತಮ್ಮ ದೂರು ಬಗೆಹರಿದಿದೆ" ಎಂಬ ಸಂದೇಶ ಬಂತು. ಒಮ್ಮೆಯಂತೂ, "ನಮ್ಮ ಸಿಬ್ಬಂದಿ ಬಂದಾಗ ಮನೆಗೆ ಬೀಗ ಹಾಕಿತ್ತು" ಎಂದು ಬರೆದಿದ್ದರು. ಗಿರಿಜಾಳ ಮನೆಗೆ ಕಟ್ಟಿದಾಗಿನಿಂದ ಬೀಗ ಹಾಕಿದ ಇತಿಹಾಸವಿಲ್ಲ. ಅವಳ ಮಾವ ಜಗಲಿಯ ಮೇಲೆ ಸದಾ ಮಲಗಿರುತ್ತಾರೆ, ಅವರನ್ನು ದಾಟದೆ ಬೀಗದ ಹತ್ತಿರ ಹೋಗಲಾಗದು. ಇದನ್ನೆಲ್ಲ ನಾನು ಐದು ಜನರಿಗೆ ಶುದ್ಧ ಇಂಗ್ಲಿಷಿನಲ್ಲಿ ವಿವರಿಸಿದೆ. ಕೊನೆಯವನಿಗೆ ವಿವರಿಸುವಾಗ ಕಣ್ಣಲ್ಲಿ ನೀರೂ ಬಂತು.

ಕೊನೆಗೆ ಬಸ್ಸು ಹತ್ತಿ ನಾನೇ ಹೊನ್ನಾಳಿಗೆ ಹೋದೆ.

"ಎಲ್ಲೇ ರೂಟರು?"

ಗಿರಿಜಾ ಸೊಂಟದ ಬೀಗದಕೈ ತೆಗೆದು ಕಬ್ಬಿಣದ ಬೀರು ತೆರೆದಳು. ರೇಷ್ಮೆ ಸೀರೆಗಳ ನಡುವೆ, ಮೆತ್ತನೆಯ ಟವೆಲ್ಲಿನಲ್ಲಿ ಸುತ್ತಿಕೊಂಡು, ಪಕ್ಕದಲ್ಲೊಂದು ನುಸಿಗುಳಿಗೆ ಇಟ್ಟುಕೊಂಡು ರೂಟರು ಹಸುಗೂಸಿನಂತೆ ಮಲಗಿತ್ತು.

"ಇಲಿ ಕಡಿತಾವೆ ಅತ್ತಿಗೆ. ದೊಡ್ಡ ಸಾಮಾನು, ಹೊರಗೆ ಹೆಂಗೆ ಇಡಾಕೆ ಆಗ್ತೈತೆ?"

"ಆಫ್ ಮಾಡಿ ಆನ್ ಮಾಡು ಅಂದಾಗ ಏನು ಮಾಡ್ತಿದ್ದೆ?"

"ಬೀರು ಬಾಗ್ಲು ತೆಗೆದು ಹಾಕ್ತಿದ್ದೆ."

"ವೈರು ಒಳಗೆ ಹೆಂಗೆ ಬಂತು?"

"ಕಂಪ್ನಿಯೋನೇ ಹಿಂದೆ ತೂತು ಹೊಡ್ದುಕೊಟ್ಟ. ಒಳ್ಳೇ ಹುಡುಗ, ರೊಟ್ಟಿ ತಿಂದು ಹೋದ."

ದೂರು ಹಿಂತೆಗೆದುಕೊಳ್ಳೋಣ ಎಂದು ನಾಚಿಕೊಂಡು ಫೋನ್ ಮಾಡಿದರೆ, ದೂರು ಈಗಾಗಲೇ ಬಗೆಹರಿದಿರುವುದರಿಂದ ಹಿಂತೆಗೆದುಕೊಳ್ಳಲು ಬರುವುದಿಲ್ಲ ಎಂದರು. ನಯನಾ, ಇದನ್ನು ಗುರುತು ಹಾಕಿಕೋ. ಕಂಪನಿಯ ಮೇಲೆ ಕಣ್ಣೀರು ಹಾಕುವ ಮುಂಚೆ ನಮ್ಮವರ ಬೀರು ತೆಗೆದು ನೋಡಬೇಕು. ಆಮೇಲೆ ಕಂಪನಿಯವರನ್ನೂ ಬಿಡಬಾರದು, ತೂತು ಹೊಡೆದವರು ಅವರೇ.

ಈಗ ಅತ್ತೆಯ ನಂಬರಿನ ವಿಷಯ.

ನಮ್ಮ ಅತ್ತೆ ಗೌರಮ್ಮನವರು ನಾಲ್ಕು ತಾಲ್ಲೂಕಿಗೆ ಸಂಬಂಧ ಕೂಡಿಸುವವರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಇಷ್ಟರಲ್ಲಿ ಯಾರ ಮನೆಯ ಹುಡುಗಿ ಎಷ್ಟು ಓದಿದ್ದಾಳೆ, ಯಾರ ಮನೆಯ ಹುಡುಗ ಎಷ್ಟು ಮಾತಾಡುತ್ತಾನೆ ಎಲ್ಲ ಅವರ ತಲೆಯಲ್ಲಿದೆ. ಪುಸ್ತಕವಿಲ್ಲ, ಪಟ್ಟಿಯಿಲ್ಲ. ಒಂದು ಗುಂಡಿಯ ಫೋನಿದೆ. ರವಿಕೆಯ ತುಂಡಿನಲ್ಲಿ ತಾವೇ ಹೊಲಿದ ಚೀಲದಲ್ಲಿಟ್ಟು ಕೊರಳಿಗೆ ಹಾಕಿಕೊಂಡಿರುತ್ತಾರೆ. ಅದರಿಂದ ಅವರು ಯಾರಿಗೂ ಫೋನ್ ಮಾಡುವುದಿಲ್ಲ. ಹಸಿರು ಗುಂಡಿ ಒತ್ತಿ ಬಂದದ್ದನ್ನು ಎತ್ತುತ್ತಾರೆ, ಅಷ್ಟೇ. ಅವರ ನಂಬರು ಮಾತ್ರ ಊರೂರಿನ ಅಡುಗೆಮನೆಗಳ ಕ್ಯಾಲೆಂಡರಿನಲ್ಲಿ, ಬಾಗಿಲ ಹಿಂದಿನ ಸುಣ್ಣದ ಮೇಲೆ, ಅಡಿಕೆ ಮಂಡಿಯ ಗೋಡೆಯ ಮೇಲೆ ಬರೆದಿದೆ.

ಈ ನಂಬರಿಗೆ ಒಂದು ದಿನ ತಾನಾಗಿಯೇ ಒಂದು ಹಾಡು ಅಂಟಿಕೊಂಡಿತು. ಯಾರು ಫೋನ್ ಮಾಡಿದರೂ, ಅತ್ತೆ ಎತ್ತುವವರೆಗೆ ಒಬ್ಬ ಗಂಡಸು ಏದುಸಿರಿನಲ್ಲಿ ಪ್ರೇಮಗೀತೆ ಹಾಡುತ್ತಿದ್ದ. ಉಬ್ರಾಣಿಯ ಒಬ್ಬ ಹಿರಿಯರು, "ಗೌರಮ್ಮೋರೇ, ನಿಮ್ಮ ವಯಸ್ಸಿಗೆ ಇದು ಬೇಕೇನ್ರಿ?" ಎಂದು ಕೇಳಿಯೇ ಬಿಟ್ಟರು. ಅತ್ತೆ ಫೋನನ್ನು ಚೀಲದ ಸಮೇತ ನನ್ನ ಮುಂದೆ ಇಟ್ಟರು.

"ಅವನನ್ನ ಇದ್ರಾಗಿಂದ ಹೊರಗೆ ಹಾಕವ್ವ."

ಫೋನ್ ಮಾಡಿದೆ. ಅವತ್ತು ಸಿಕ್ಕ ಹುಡುಗಿ ಹಿಂದಿಯಲ್ಲಿ, ಬಸ್ಸು ತಪ್ಪಿಹೋಗುತ್ತದೇನೋ ಎಂಬಂತೆ ಮಾತಾಡುತ್ತಿದ್ದಳು. ಲೈನಿನಲ್ಲಿ ಹಪ್ಪಳ ಕರಿದ ಸದ್ದು ಬೇರೆ. ಅವಳು ಉದ್ದಕ್ಕೆ ಏನೋ ಕೇಳಿದಳು. ನಾನು "ಪಾರ್ಡನ್?" ಎಂದೆ. ಮತ್ತೆ ಕೇಳಿದಳು. ಮತ್ತೆ "ಪಾರ್ಡನ್?" ಎಂದೆ. ಮೂರನೆಯ ಸಲವೂ ತಿಳಿಯಲಿಲ್ಲ. ಒಬ್ಬರ ಬಾಯಲ್ಲಿ ಒಂದೇ ಮಾತನ್ನು ಮೂರಕ್ಕಿಂತ ಹೆಚ್ಚು ಸಲ ಆಡಿಸುವುದು ಅಸಭ್ಯತೆ ಎಂದು ಸಿಸ್ಟರುಗಳು ಹೇಳಿಕೊಟ್ಟಿದ್ದರು. ಹಾಗಾಗಿ ನಗುನಗುತ್ತಾ, "ಎಸ್, ಪ್ಲೀಸ್. ಥ್ಯಾಂಕ್ಯೂ ಸೋ ಮಚ್" ಎಂದೆ.

ಮರುದಿನ ಹಾಡು ನಿಂತಿತ್ತು. ಫೋನೂ ನಿಂತಿತ್ತು. ಆ ಹುಡುಗಿ ಕೇಳಿದ್ದು, ಈ ನಂಬರನ್ನೇ ಕಂಪನಿಗೆ ಹಿಂದಿರುಗಿಸುತ್ತೀರಾ ಎಂದಂತೆ. ಹಾಡು ಬೇಡ ಎಂದವರಿಗೆ ಇದನ್ನೇಕೆ ಕೇಳಿದಳು ಎಂಬುದಕ್ಕೆ ಇವತ್ತಿಗೂ ನನಗೆ ಉತ್ತರ ಸಿಕ್ಕಿಲ್ಲ. ಒಪ್ಪಿಗೆಯಂತೂ ದಾಖಲಾಗಿತ್ತು, ಪ್ಲೀಸ್ ಸಮೇತ. ಏಳು ದಿನದೊಳಗೆ ಆ ಒಪ್ಪಿಗೆ ರದ್ದು ಮಾಡಿಸದಿದ್ದರೆ ನಂಬರು ಬೇರೆ ಯಾರಿಗೋ ಹೋಗುತ್ತದೆ ಎಂದರು ಕಂಪನಿಯವರು.

ಅತ್ತೆ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಖಾಲಿ ಫೋನನ್ನು ಚೀಲಕ್ಕೆ ಹಾಕಿ ಎಂದಿನಂತೆ ಕೊರಳಿಗೆ ಹಾಕಿಕೊಂಡು ಕೂತರು. ಅದನ್ನು ನೋಡಲಾಗುತ್ತಿರಲಿಲ್ಲ.

ವಿಷಯ ಇಷ್ಟಾಗಿತ್ತು. ಸೊಕ್ಕೆಯ ಹುಡುಗಿಗೂ ಉಬ್ರಾಣಿಯ ಹುಡುಗನಿಗೂ ಅತ್ತೆ ಮಾತು ತಂದಿದ್ದರು. ಇಬ್ಬರೂ ನೋಡಿಕೊಂಡಿದ್ದರು. ಸೋಮವಾರ ಫೋನ್ ಮಾಡಿ ಒಪ್ಪಿಗೆಯೋ ಇಲ್ಲವೋ ಹೇಳುತ್ತೇವೆ ಎಂದಿದ್ದರು ಸೊಕ್ಕೆಯವರು. ಅಂದು ಮಾತು ಬಾರದಿದ್ದರೆ ಉಬ್ರಾಣಿಯವರು ಮಂಗಳವಾರ ಬೇರೆ ಕಡೆ ಹೆಣ್ಣು ನೋಡಲು ಹೊರಡುವವರು. ಸೊಕ್ಕೆಯವರ ನಂಬರು ಅತ್ತೆಯ ಹತ್ತಿರ ಇಲ್ಲ, "ಮಾಡೋರು ಅವ್ರು, ನಾನ್ಯಾಕೆ ಇಟ್ಕಳ್ಳಿ?" ಹಾಗಾದರೆ ಸೊಕ್ಕೆಗೇ ಹೋಗಿ ಬರೋಣವೇ ಎಂದೆ. ಅತ್ತೆ ನನ್ನನ್ನು ಕರುಣೆಯಿಂದ ನೋಡಿದರು.

"ಮಾತು ತಂದೋಳು ಉತ್ರ ಕೇಳಾಕೆ ಹೋದ್ರೆ, ಗಂಡಿನ ಕಡೇಲಿ ಏನೋ ಕೊರತೆ ಐತೆ ಅಂತಾರೆ. ಮಾತು ತಾನಾಗೇ ಬರ್ಬೇಕು ಶೈಲಾ."

ಬರಬೇಕಾದ ದಾರಿಯನ್ನೇ ನಾನು ಥ್ಯಾಂಕ್ಯೂ ಹೇಳಿ ಮುಚ್ಚಿಬಿಟ್ಟಿದ್ದೆ.

ಮೊದಲ ಎರಡು ದಿನ ಪೇಟೆಯಲ್ಲಿದ್ದ ಕಂಪನಿಯ ಅಂಗಡಿಗೂ ಫೋನಿಗೂ ನಡುವೆ ಓಡಾಡಿದೆ. ಅಂಗಡಿಯವರು, "ಇದು ನಮ್ಮ ಕೈಲಿಲ್ಲ ಮೇಡಂ, ಫೋನ್ ಮಾಡಿ ಕೇಳ್ರಿ" ಎನ್ನುತ್ತಿದ್ದರು. ಫೋನಿನವರು, "ಹತ್ತಿರದ ಮಳಿಗೆಗೆ ಭೇಟಿ ನೀಡಿ" ಎನ್ನುತ್ತಿದ್ದರು. ಮೂರನೆಯ ದಿನ ನಾನು ಅಂಗಡಿಯಲ್ಲೇ ನಿಂತು ಫೋನ್ ಹಚ್ಚಿ, "ನೀವಿಬ್ಬರೂ ಒಂದೇ ಕಂಪನಿಯವರು, ನೀವೇ ಮಾತಾಡಿಕೊಳ್ಳಿ" ಎಂದು ಅಂಗಡಿಯಾತನ ಕೈಗೆ ಕೊಟ್ಟೆ. ಅವರು ಕಾದರು. ಎರಡು ರೀಚಾರ್ಜ್ ಮಾಡಿ ಮುಗಿಸಿ, ಮತ್ತೆ ಕಾದರು. ಚಹಾ ತರಿಸಿ ನನಗೂ ಕೊಟ್ಟು ಕಾದರು. ಕೊನೆಗೆ ಮೆಲ್ಲಗೆ ಕೇಳಿದರು:

"ಇವ್ರು ಯಾವಾಗ್ಲೂ ಹಿಂಗೇನಾ ಮೇಡಂ?"

"ಹಿಂಗೇ."

"ಛೇ. ಗಿರಾಕಿಗಳು ಬಂದು ನಮ್ಗೆ ಬೈತಾರೆ. ನಾವು, ಅವ್ರಿಗೆ ತಾಳ್ಮೆ ಇಲ್ಲ ಅನ್ಕಂಡಿದ್ವಿ."

ನಾಲ್ಕನೆಯ ದಿನ ಕಂಪನಿಯ ಆ್ಯಪಿನಲ್ಲಿ ಉತ್ತರ ಕೊಡುವ ಯಂತ್ರದ ಜೊತೆ ಬರಹದಲ್ಲಿ ಮಾತಾಡಿದೆ. "ನಮ್ಮ ಅತ್ತೆಯ ನಂಬರು ಹೋಗಿದೆ, ದಯವಿಟ್ಟು ವಾಪಸ್ ಕೊಡಿ" ಎಂದು ಬರೆದೆ. "ಅಭಿನಂದನೆಗಳು! ತಮಗಾಗಿ ಹೊಸ ಕೊಡುಗೆಗಳಿವೆ" ಎಂದಿತು. ನಾನು ಉತ್ತರ ಬರೆಯಲಿಲ್ಲ. ಇಪ್ಪತ್ತೆಂಟು ವರ್ಷಗಳಲ್ಲಿ ನಾನು ಥ್ಯಾಂಕ್ಯೂ ಹೇಳದೆ ಬಿಟ್ಟ ಏಕೈಕ ಸಿಬ್ಬಂದಿ ಅದು.

ಐದನೆಯ ದಿನ ಮೇಲಿನ ಅಧಿಕಾರಿಣಿಯೊಬ್ಬರು ಸಿಕ್ಕರು. ನಂಬರು ಯಾರ ಹೆಸರಿನಲ್ಲಿದೆಯೋ ಅವರೇ ಮಾತಾಡಬೇಕು, ಅರ್ಜಿಯಲ್ಲಿರುವ ಮೂರು ವಿವರಗಳನ್ನು ಅವರೇ ಬಾಯಿಬಿಟ್ಟು ಹೇಳಬೇಕು, ಆಗ ತಕ್ಷಣ ಚಾಲೂ ಮಾಡುತ್ತೇವೆ ಎಂದರು. ಅತ್ತೆ ದೇವರಮನೆಯಲ್ಲಿದ್ದರು. ಎಬ್ಬಿಸುವುದೇಕೆ ಎಂದು ನಾನು ಗಂಟಲು ಸ್ವಲ್ಪ ದಪ್ಪ ಮಾಡಿಕೊಂಡು, "ನಾನೇ ಗೌರಮ್ಮ" ಎಂದೆ.

"ದಾಖಲೆಯ ಪ್ರಕಾರ ತಮಗೆ ಎಪ್ಪತ್ತಾರು ವರ್ಷ. ದನಿ ತುಂಬ ಚಿಕ್ಕ ವಯಸ್ಸಿನವರದ್ದರಂತಿದೆಯಲ್ಲ ಮೇಡಂ."

"ಥ್ಯಾಂಕ್ಯೂ" ಎಂದೆ. ಸುಳ್ಳು ಹೇಳಿ ಹೊಗಳಿಕೆಯನ್ನೂ ತೆಗೆದುಕೊಂಡೆನಲ್ಲ! ಎರಡನೆಯ ಪ್ರಶ್ನೆ ಬರುವ ಮೊದಲೇ, "ಸಾರಿ ಮೇಡಂ, ನಾನು ಗೌರಮ್ಮ ಅಲ್ಲ, ಅವರ ಸೊಸೆ, ದಯವಿಟ್ಟು ಕ್ಷಮಿಸಿ" ಎಂದು ಎಲ್ಲ ಒಪ್ಪಿಕೊಂಡೆ. ಅವರು ಕ್ಷಮಿಸಿದರು, ಫೋನ್ ಇಟ್ಟರು, ಖಾತೆಯಲ್ಲಿ "ಬೇರೊಬ್ಬರಿಂದ ಪ್ರಯತ್ನ" ಎಂದೂ ಬರೆದರು. ಅದು ಶನಿವಾರ. ಭಾನುವಾರ ಈ ವಿಭಾಗಕ್ಕೆ ರಜೆ.

ಸೋಮವಾರ ಬೆಳಿಗ್ಗೆ ತಿಂಡಿ ಮುಗಿದ ಕೂಡಲೇ ಅತ್ತೆಯನ್ನು ಪಡಸಾಲೆಯ ಮಂಚದ ಮೇಲೆ ಕೂರಿಸಿದೆ. ನನ್ನ ಫೋನು ಸ್ಪೀಕರಿನಲ್ಲಿತ್ತು. ಎದುರಿನ ಕುರ್ಚಿಯಲ್ಲಿ ಮಾವ ಅಡಕತ್ತರಿ ಹಿಡಿದು ಅಡಿಕೆ ಕತ್ತರಿಸುತ್ತಾ ಕೂತಿದ್ದರು. ನಮ್ಮ ಮಾವ ಫೋನಿನಲ್ಲಿ ಮಾತಾಡುವವರಲ್ಲ. ಯಾರಾದರೂ ಕೈಗೆ ಕೊಟ್ಟರೆ, "ಹ್ಞೂಂ" ಎಂದು ವಾಪಸ್ ಕೊಡುತ್ತಾರೆ.

"ತಮ್ಮ ಹೆಸರು?"

"ಗೌರಮ್ಮ."

"ಹುಟ್ಟಿದ ದಿನಾಂಕ?"

"ಆಧಾರಿನಾಗೆ ಜನವರಿ ಒಂದು ಅಂತ ಬರ್ಕಂಡಾರೆ. ನಿಜ್ವಾಗ್ಲೂ ಹುಟ್ಟಿದ್ದು ಹುಣ್ಣಿಮೆ ಆಗಿ ಮೂರು ದಿನಕ್ಕೆ, ಕಣ ಮಾಡೋ ಕಾಲ. ಯಾವ್ದು ಬೇಕು?"

"ಜನವರಿ ಒಂದು ಸಾಕು. ತಮ್ಮ ಪತಿಯ ಹೆಸರು?"

ಅತ್ತೆ ಮಾವನ ಕಡೆ ನೋಡಿದರು. ನನಗೆ ಆಗ ಹೊಳೆಯಿತು. ಮದುವೆಯಾದ ದಿನದಿಂದ ಅತ್ತೆ ಮಾವನ ಹೆಸರು ಹಿಡಿದು ಕರೆದವರಲ್ಲ, ಆಡಿದವರೂ ಅಲ್ಲ. ಹೆಸರೆತ್ತಿದರೆ ಗಂಡನ ಆಯಸ್ಸು ಕಡಿಮೆ ಎಂದು ಅವರ ಕಾಲದವರ ನಂಬಿಕೆ. ನಾನು ಕಾನ್ವೆಂಟಿನವಳು, ನಗಬಹುದಿತ್ತು. ಆದರೆ ನನ್ನ ಗಂಡನಿಗೂ "ನಮ್ಮನೆಯವರು" ಎಂದೇ ಅಲ್ಲವೇ ನಾನು ಹೇಳುವುದು? ಈ ಬರಹದಲ್ಲೂ ಹಾಗೆಯೇ ಬರೆದಿದ್ದೇನೆ.

"ಅವ್ರು ಇಲ್ಲೇ ಎದುರಿಗೆ ಕೂತಾರೆ" ಎಂದರು ಅತ್ತೆ.

"ಹೆಸರು ಹೇಳಬೇಕು ಅಮ್ಮ, ತಾವೇ."

"ಅರ್ಧ ನಮ್ಮೂರಿನ ಹೆಸ್ರಾಗೈತೆ. ಇನ್ನರ್ಧ ಶಿವನ ಗುಡಿ ಮುಂದೆ ಕೂತೈತೆ. ತಿಳ್ಕಳ್ಳವ್ವ."

"ನಾವು ಊಹಿಸುವ ಹಾಗಿಲ್ಲ ಅಮ್ಮ."

ನಾನು ಹೇಳಲು ಬಾಯಿ ತೆರೆದೆ. "ಬೇರೆಯವರು ಹೇಳಿದರೆ ಕರೆ ರದ್ದಾಗುತ್ತದೆ" ಎಂದಿತು ಫೋನು. ಮೌನ ಬೆಳೆಯಿತು, ಕರೆ ತಾನಾಗಿ ಕಡಿಯಿತು. ಎರಡನೆಯ ಸಲ ಬೇರೆ ಹುಡುಗ ಸಿಕ್ಕ. ಅದೇ ಪ್ರಶ್ನೆ, ಅದೇ ಮೌನ, ಅದೇ ಕಡಿತ. ಮಾವ ಅಡಿಕೆಯಿಂದ ಕಣ್ಣೆತ್ತದೆ ಹೇಳಿದರು:

"ಹೇಳ್ಬಿಡೇ ಮಾರಾಯ್ತಿ. ಇಷ್ಟು ವರ್ಷ ಬದುಕಿದೀನಿ, ಒಂದು ಮಾತಿಗೆ ಸಾಯಲ್ಲ."

"ನೀವು ಸುಮ್ನೆ ಅಡಿಕೆ ಕತ್ತರಿಸ್ರಿ."

"ಸೊಕ್ಕೆ ಹುಡುಗಿ ಗತಿ?"

ಅತ್ತೆಯ ಬೆರಳು ಕೊರಳಿನ ಚೀಲದ ದಾರವನ್ನು ಸುತ್ತಿ ಬಿಚ್ಚಿ ಮಾಡುತ್ತಿತ್ತು. "ಇನ್ನೊಂದ್ಸಲ ಹಚ್ಚವ್ವ" ಎಂದರು.

ಮೂರನೆಯ ಸಲ ಎತ್ತಿದವಳು ಒಬ್ಬ ಹುಡುಗಿ. ಅವಳೂ ಅಚ್ಚು ಹಾಕಿದ ಹಾಗೆ, "ದಯವಿಟ್ಟು ತಮ್ಮ ಪತಿಯ ಹೆಸರನ್ನು ದೃಢೀಕರಿಸಿ" ಎಂದಳು. ಅತ್ತೆ ದಾರವನ್ನು ಮತ್ತೆ ಬೆರಳಿಗೆ ಸುತ್ತಿಕೊಂಡರು. ಅವಳು ಮತ್ತೊಮ್ಮೆ ಕೇಳಿದಳು. ಆಮೇಲೆ ಕುರ್ಚಿ ಎಳೆದ ಸದ್ದಾಯಿತು. ಅವಳ ದನಿ ಸಣ್ಣಗಾಗಿ ನಮ್ಮ ಕಡೆಯದೇ ಆಗಿಬಿಟ್ಟಿತು.

"ಅಜ್ಜೀ, ಹೆಸ್ರು ಹೇಳಾಕೆ ಆಗಲ್ವಾ?"

"ಇಲ್ಲ ಕಣವ್ವ."

"ಒಡಪು ಹಾಕಿ ಹೇಳ್ರಿ ಮತ್ತೆ. ನಮ್ಮಜ್ಜಿ ಹಂಗೇ ಹೇಳ್ತಿದ್ಲು. ಒಟ್ನಲ್ಲಿ ನಿಮ್ಮ ಬಾಯಾಗೆ ಹೆಸ್ರು ಬಂದ್ರಾತು, ಹಿಂದೆ ಮುಂದೆ ಏನಿದ್ರೂ ನಡೀತೈತೆ."

ಒಡಪು ಎಂದರೆ ನಯನಾ, ನೀನೂ ಮದುವೆಯಲ್ಲಿ ಹೇಳಿದ್ದೀಯ. ಗಂಡನ ಹೆಸರನ್ನು ಬರಿದಾಗಿ ಹೇಳಬಾರದು, ಪ್ರಾಸ ಕಟ್ಟಿ ಹಾಡಿನಂಥ ಮಾತಿನೊಳಗೆ ಅಡಗಿಸಿ ಹೇಳಬಹುದು. ನಿನ್ನ ಬಾಯಿಂದ ಹೇಳಿಸಲು ಹೊಸ್ತಿಲಿಗೆ ಅಡ್ಡ ನಿಂತಿದ್ದವರೂ ಅತ್ತೆಯೇ. ನಾಲ್ಕು ತಾಲ್ಲೂಕಿನ ಅದೆಷ್ಟೋ ಮದುಮಗಳಂದಿರನ್ನು, "ಹೆಸ್ರು ಹೇಳಿ ಒಳಗೆ ಬಾ" ಎಂದು ಕಾಡಿದವರು, ಈಗ ತಾವೇ ಹೊಸ್ತಿಲ ಹೊರಗೆ ನಿಂತಂತಾಗಿತ್ತು.

ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಫೋನಿನಲ್ಲಿ ಯಾರಿಗೂ ಕಾಣುವುದಿಲ್ಲ ಎಂದು ನಾನು ಹೇಳಲಿಲ್ಲ. ಗಂಟಲು ಸರಿಮಾಡಿಕೊಂಡರು. ಗೋಡೆಯ ಕಡೆ ಮುಖ ತಿರುಗಿಸಿದರು.

"ಸೂಳೆಕೆರೆ ನೀರು ಹರಿದ್ರೆ ಗದ್ದೆಯೆಲ್ಲ ಹಸಿರು,
ಬುತ್ತಿ ಅನ್ನಕೆ ಬೇಕು ಗಡಿಗೆಯ ಗಟ್ಟಿ ಮೊಸರು,
ಫೋನಿನ ಹುಡುಗಿ ಹಿಡ್ಕಂಡ್ರೆ ಎಷ್ಟಂತ ಕೊಸರು?
ಚನ್ನಬಸಪ್ಪ ಅಂತ ನಮ್ಮ ಯಜಮಾನರ ಹೆಸರು."

ಆ ಕಡೆ ಮೂರು ನಾಲ್ಕು ಜನ ಚಪ್ಪಾಳೆ ತಟ್ಟಿದ ಸದ್ದು, ಯಾರೋ "ಶ್!" ಎಂದ ಸದ್ದು. ಹುಡುಗಿ ನಗು ನುಂಗಿಕೊಂಡು ಮತ್ತೆ ಅಚ್ಚಿನ ಕನ್ನಡಕ್ಕೆ ಹಿಂದಿರುಗಿದಳು. "ಧನ್ಯವಾದಗಳು ಶ್ರೀಮತಿ ಗೌರಮ್ಮನವರೇ. ತಮ್ಮ ಪರಿಶೀಲನೆ ಯಶಸ್ವಿಯಾಗಿದೆ. ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ."

ಚೀಲದಿಂದ ಫೋನು ತೆಗೆದು ನಾನೇ ಆಫ್ ಮಾಡಿ ಆನ್ ಮಾಡಿದೆ. ಒಂದು ಗೆರೆ ಬಂತು, ಎರಡು ಬಂತು. ಮೂರನೆಯ ಗೆರೆ ಬರುವಷ್ಟರಲ್ಲಿ ಅದು ಅತ್ತೆಯ ಕೈಯಲ್ಲಿ ನಡುಗುತ್ತಾ ಕೂಗಿಕೊಂಡಿತು. ಅತ್ತೆ ಹಸಿರು ಗುಂಡಿ ಒತ್ತಿದರು.

"ಹ್ಞಾಂ, ಹೇಳ್ರಿ, ಸೊಕ್ಕೆಯೋರಾ? ಬೆಳಿಗ್ಗಿಂದ ಹಚ್ತಾ ಇದ್ರಾ? ಏನಿಲ್ರಿ, ಫೋನಿಗೆ ಒಂಚೂರು ಮೈ ಹುಷಾರಿರ್ಲಿಲ್ಲ. ಹುಡುಗಿ ಏನಂದ್ಲು? ... ಒಪ್ಪಿದ್ಲಾ!" ಅವರ ಇನ್ನೊಂದು ಕೈ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಏಳು ದಿನಗಳ ಮೇಲೆ ನಾನು ಉಸಿರು ಬಿಟ್ಟೆ.

ನನ್ನ ಫೋನಿನಲ್ಲಿ ಆ ಹುಡುಗಿ ಇನ್ನೂ ಇದ್ದಳು. "ನನ್ನಿಂದ ಇನ್ನೇನಾದರೂ ಸಹಾಯ ಬೇಕಿತ್ತೇ?" ಎಂದು ಕೇಳಿದಳು. ಬೇಡಮ್ಮ, ಥ್ಯಾಂಕ್ಯೂ ಎನ್ನಲು ಹೊರಟವಳು ತಲೆಯೆತ್ತಿ ನೋಡಿದೆ. ಅಡಕತ್ತರಿಯ ಸದ್ದು ಯಾವಾಗಲೋ ನಿಂತುಹೋಗಿತ್ತು. ಮಾವ ಕುರ್ಚಿಯಿಂದ ಎದ್ದು ಬಂದು, ಮಂಚದ ಅಂಚು ಹಿಡಿದು ಬಗ್ಗಿ, ಬಾವಿಯೊಳಕ್ಕೆ ಕೂಗುವವರಂತೆ ನನ್ನ ಫೋನಿನೊಳಕ್ಕೆ ಹೇಳಿದರು:

"ಬೇಕಿತ್ತವ್ವ. ನಂಗೆ ಸರಿಯಾಗಿ ಕೇಳಿಸ್ಲಿಲ್ಲ. ಆಯಮ್ಮಂಗೆ ಇನ್ನೊಂದ್ಸಲ ಹೇಳಾಕೆ ಹೇಳು."